ಕುರ್ಚಿ ಬದಲಾಗಲಿ, ಸಹಿ ಉಳಿಯಲಿ: ಅಧಿಕಾರ ಕೈಬದಲಾಗುವಾಗ ದಕ್ಷಿಣ ಆಫ್ರಿಕಾದ ಕಾರ್ಮಿಕರು ಕೇಳುವ ಸ್ಥಿರತೆ

2017ರ ಮೇ 1. ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್ ನಗರದಲ್ಲಿ ಕಾರ್ಮಿಕರ ದಿನದ ದೊಡ್ಡ ಸಭೆ. ಕರೆದಿದ್ದು ಆ ದೇಶದ ಅತಿ ದೊಡ್ಡ ಕಾರ್ಮಿಕ ಒಕ್ಕೂಟ ಕೊಸಾಟು. ವೇದಿಕೆಯ ಮೇಲೆ ದೇಶದ ಅಧ್ಯಕ್ಷ ಜೇಕಬ್ ಜುಮಾ ಕೂತಿದ್ದಾರೆ. ಕೆಳಗೆ ಕಾರ್ಮಿಕರು ಕೂಗುತ್ತಿದ್ದಾರೆ. ಜುಮಾ ಮಾತಾಡಬಾರದು ಎಂದು ಅವರ ಪಟ್ಟು. ಜುಮಾ ಪರ ಇದ್ದವರು ಅಷ್ಟೇ ಜೋರಾಗಿ ಹಾಡು ಹೇಳುತ್ತಿದ್ದಾರೆ. ಗಲಾಟೆ ನಿಲ್ಲಲೇ ಇಲ್ಲ. ಕೊನೆಗೆ ಭಾಷಣಗಳನ್ನೇ ರದ್ದು ಮಾಡಿದರು. ದೇಶದ ಅಧ್ಯಕ್ಷರು ಒಂದು ಮಾತೂ ಆಡದೆ ಹೊರಟುಹೋದರು.

ಇದೇ ಕೊಸಾಟು 2007ರಲ್ಲಿ ಜುಮಾ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿತ್ತು. ಹತ್ತೇ ವರ್ಷದಲ್ಲಿ ಇಷ್ಟೊಂದು ಬದಲಾವಣೆ ಹೇಗಾಯಿತು ಎಂದು ಕೇಳುವುದು ಸಹಜ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ. ಒಬ್ಬ ನಾಯಕ ಇಳಿದು ಇನ್ನೊಬ್ಬರು ಏರುವ ಹೊತ್ತಿನಲ್ಲಿ ಎಲ್ಲರೂ "ಸ್ಥಿರತೆ ಬೇಕು" ಅನ್ನುತ್ತಾರೆ. ಕಾರ್ಮಿಕ ಸಂಘ ಅನ್ನುತ್ತದೆ, ಉದ್ಯಮಿಗಳು ಅನ್ನುತ್ತಾರೆ, ಆಳುವ ಪಕ್ಷವೂ ಅನ್ನುತ್ತದೆ. ಪದ ಒಂದೇ. ಕೇಳುತ್ತಿರುವುದು ಮಾತ್ರ ಬೇರೆ ಬೇರೆ.

ಉದ್ಯಮಿಗೆ ಸ್ಥಿರತೆ ಅಂದರೆ ಮುಷ್ಕರ ಆಗಬಾರದು, ದೇಶದ ನಾಣ್ಯ ರಾಂಡ್‌ನ ಬೆಲೆ ಬೀಳಬಾರದು. ಪಕ್ಷಕ್ಕೆ ಸ್ಥಿರತೆ ಅಂದರೆ ಒಡೆಯದೆ ಮುಂದಿನ ಚುನಾವಣೆಗೆ ಹೋಗಬೇಕು. ಆಸ್ಪತ್ರೆಯ ನರ್ಸ್‌ಗೆ, ಶಾಲೆಯ ಮೇಷ್ಟ್ರಿಗೆ, ಮನೆಗೆಲಸದ ಹೆಂಗಸಿಗೆ ಬೇಕಾದ ಸ್ಥಿರತೆಯೇ ಬೇರೆ. ಹೋದ ವರ್ಷ ಹಾಕಿದ ಸಹಿಗೆ ಈ ವರ್ಷವೂ ಬೆಲೆ ಇರಬೇಕು. ಕುರ್ಚಿಯಲ್ಲಿ ಯಾರೇ ಕೂತಿರಲಿ, ತಿಂಗಳ ಕೊನೆಗೆ ಒಪ್ಪಿಕೊಂಡಷ್ಟು ಸಂಬಳ ಕೈಗೆ ಬರಬೇಕು. ಕೊಸಾಟುವಿನ ಇಪ್ಪತ್ತು ವರ್ಷಗಳ ಅನುಭವವನ್ನು ಈ ಒಂದು ವ್ಯತ್ಯಾಸ ಹಿಡಿದುಕೊಂಡು ಓದಿದರೆ ಬಹಳಷ್ಟು ತಿಳಿಯಾಗುತ್ತದೆ.

ಮೂವರ ಮೈತ್ರಿ

ಕೊಸಾಟು ಹುಟ್ಟಿದ್ದು 1985ರ ಡಿಸೆಂಬರ್‌ನಲ್ಲಿ, ಡರ್ಬನ್ ನಗರದಲ್ಲಿ. ಆಗ ವರ್ಣಭೇದದ ಆಡಳಿತ ಇನ್ನೂ ಗಟ್ಟಿಯಾಗಿತ್ತು. ಕಪ್ಪು ಜನರಿಗೆ ಮತ ಹಾಕುವ ಹಕ್ಕು ಇರಲಿಲ್ಲ. ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ, ಮುಂದೆ ಆಳುವ ಪಕ್ಷವಾದ ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ನಿಷೇಧದಲ್ಲಿತ್ತು. ಕಾರ್ಖಾನೆ, ಗಣಿಗಳಲ್ಲಿ ಸಂಘ ಕಟ್ಟುವುದೇ ರಾಜಕೀಯ ಹೋರಾಟವೂ ಆಗಿತ್ತು. 1987ರ ಗಣಿ ಮುಷ್ಕರದಲ್ಲಿ ಸುಮಾರು 3 ಲಕ್ಷ ಕಾರ್ಮಿಕರು ಮೂರು ವಾರ ಕೆಲಸ ನಿಲ್ಲಿಸಿದರು. ಹತ್ತಾರು ಸಾವಿರ ಜನ ಕೆಲಸ ಕಳೆದುಕೊಂಡರು. ಆ ಮುಷ್ಕರದ ಮುಂದಾಳು ಗಣಿ ಕಾರ್ಮಿಕರ ಸಂಘ ಎನ್‌ಯುಎಂನ ಪ್ರಧಾನ ಕಾರ್ಯದರ್ಶಿ, ಒಬ್ಬ ಯುವ ವಕೀಲ. ಹೆಸರು ಸಿರಿಲ್ ರಾಮಫೋಸಾ. ಈ ಹೆಸರು ನೆನಪಿರಲಿ, ಮತ್ತೆ ಮತ್ತೆ ಬರುತ್ತದೆ.

1990ರಲ್ಲಿ ನಿಷೇಧ ತೆರವಾದ ಮೇಲೆ ಎಎನ್‌ಸಿ, ಕಮ್ಯುನಿಸ್ಟ್ ಪಕ್ಷ ಮತ್ತು ಕೊಸಾಟು ಸೇರಿ ಮೈತ್ರಿ ಮಾಡಿಕೊಂಡವು. ಎಎನ್‌ಸಿ ಚುನಾವಣೆಗೆ ನಿಲ್ಲುತ್ತದೆ, ಕೊಸಾಟು ಮನೆಮನೆಗೆ ಹೋಗಿ ಮತ ಕೇಳುತ್ತದೆ, ಬದಲಿಗೆ ನೀತಿ ರೂಪಿಸುವಾಗ ಕಾರ್ಮಿಕರ ಮಾತಿಗೆ ಕಿವಿ ಸಿಗುತ್ತದೆ. ಲೆಕ್ಕಾಚಾರ ಅದು. 1995ರಲ್ಲಿ ನೆಡ್‌ಲ್ಯಾಕ್ ಎಂಬ ಮಂಡಳಿಯೂ ಶುರುವಾಯಿತು. ಸರ್ಕಾರ, ಉದ್ಯಮಿಗಳು, ಕಾರ್ಮಿಕರು ಮತ್ತು ಸಮುದಾಯ ಸಂಘಟನೆಗಳು ಅಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತವೆ. ಕಾರ್ಮಿಕರಿಗೆ ಸಂಬಂಧಪಟ್ಟ ಕಾನೂನು ಸಂಸತ್ತಿಗೆ ಹೋಗುವ ಮೊದಲು ಆ ಮೇಜಿನ ಮೇಲೆ ಬರಬೇಕು. ಅಧ್ಯಕ್ಷರು ಬಂದು ಹೋಗುತ್ತಾರೆ, ಆ ಮೇಜು ಮಾತ್ರ ಅಲ್ಲೇ ಇರುತ್ತದೆ. ಮುಂದೆ ನೋಡೋಣ, ಅಧ್ಯಕ್ಷರ ಮೇಲೆ ಇಟ್ಟ ನಂಬಿಕೆಗಿಂತ ಆ ಮೇಜಿನ ಮೇಲೆ ಇಟ್ಟ ನಂಬಿಕೆಯೇ ಕಾರ್ಮಿಕರ ಕೈ ಹಿಡಿದಿದೆ.

ಆದರೆ ಮೈತ್ರಿಗೆ ಒಂದು ಬೆಲೆಯೂ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಜನ ನೇರವಾಗಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಸಂಸತ್ತು ಆರಿಸುತ್ತದೆ. ಎಎನ್‌ಸಿಗೆ ಬಹುಮತ ಇದ್ದಷ್ಟು ಕಾಲ ಪಕ್ಷದ ನಾಯಕರೇ ದೇಶದ ಅಧ್ಯಕ್ಷರು. ಹಾಗಾಗಿ ನಿಜವಾದ ಅಧಿಕಾರ ಬದಲಾವಣೆ ಮತಗಟ್ಟೆಯಲ್ಲಿ ಆಗುತ್ತಿರಲಿಲ್ಲ, ಐದು ವರ್ಷಕ್ಕೊಮ್ಮೆ ನಡೆಯುವ ಪಕ್ಷದ ಸಮ್ಮೇಳನದಲ್ಲಿ ಆಗುತ್ತಿತ್ತು. ಪಕ್ಷದೊಳಗಿನ ಜಗಳದಲ್ಲಿ ಯಾರ ಕಡೆ ನಿಲ್ಲಬೇಕು ಎಂದು ಕೊಸಾಟು ಪ್ರತಿ ಸಲವೂ ಯೋಚಿಸಬೇಕಾಯಿತು.

2007ರಲ್ಲಿ ಅದು ಜುಮಾ ಕಡೆ ನಿಂತಿತು. ಕಾರಣ ಇತ್ತು. ಆಗಿನ ಅಧ್ಯಕ್ಷ ಥಾಬೊ ಎಂಬೆಕಿ ಅವರ ಆರ್ಥಿಕ ನೀತಿ ತಮ್ಮನ್ನು ಕೇಳದೆಯೇ ಬಂತು, ಅದರಿಂದ ಕೆಲಸಗಳು ಹೋದವು ಎಂಬ ಸಿಟ್ಟು ಕಾರ್ಮಿಕರಲ್ಲಿತ್ತು. ಪೊಲೊಕ್ವಾನೆ ನಗರದಲ್ಲಿ ನಡೆದ ಪಕ್ಷದ ಸಮ್ಮೇಳನದಲ್ಲಿ ಜುಮಾ 2,329 ಮತ, ಎಂಬೆಕಿ 1,505 ಮತ ಪಡೆದರು. 2008ರ ಸೆಪ್ಟೆಂಬರ್‌ನಲ್ಲಿ ಪಕ್ಷ ಎಂಬೆಕಿಯವರನ್ನು ಕೆಳಗಿಳಿಸಿತು. ಹಣಕಾಸು ಸಚಿವ ಟ್ರೆವರ್ ಮ್ಯಾನುಯೆಲ್ ರಾಜೀನಾಮೆ ಕೊಟ್ಟರು ಎಂಬ ಸುದ್ದಿ ಬಂದ ಕೂಡಲೇ ರಾಂಡ್ ಬಿತ್ತು. ಹೊಸ ಅಧ್ಯಕ್ಷರ ಕೈಕೆಳಗೂ ಕೆಲಸ ಮಾಡುತ್ತೇನೆ ಎಂದು ಅವರು ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಒಬ್ಬ ಮನುಷ್ಯನ ರಾಜೀನಾಮೆಗೆ ದೇಶದ ನಾಣ್ಯ ಅಲ್ಲಾಡುತ್ತದೆ ಅಂದರೆ ಆ ದಿನಗಳು ಎಷ್ಟು ನಾಜೂಕು ಎಂದು ಊಹಿಸಬಹುದು, ಅಲ್ವಾ?

ಜುಮಾ ಮೇಲಿಟ್ಟ ಭರವಸೆ ಏನಾಯಿತು ಎಂಬುದನ್ನು ಇಲ್ಲಿ ಉದ್ದ ಹೇಳುವುದಿಲ್ಲ. ಎರಡು ವಿಷಯ ಸಾಕು. 2012ರ ಆಗಸ್ಟ್ 16ರಂದು ಮಾರಿಕಾನಾದ ಪ್ಲಾಟಿನಂ ಗಣಿಯಲ್ಲಿ ತಿಂಗಳಿಗೆ 12,500 ರಾಂಡ್ ಸಂಬಳ ಕೇಳಿ ಮುಷ್ಕರ ಮಾಡುತ್ತಿದ್ದ 34 ಕಾರ್ಮಿಕರನ್ನು ಪೊಲೀಸರು ಗುಂಡಿಟ್ಟು ಕೊಂದರು. ಎನ್‌ಯುಎಂ ಮೇಲೆ ನಂಬಿಕೆ ಕಳೆದುಕೊಂಡ ಸಾವಿರಾರು ಗಣಿ ಕಾರ್ಮಿಕರು ಆಂಕು ಎಂಬ ಇನ್ನೊಂದು ಸಂಘಕ್ಕೆ ಹೋದರು. ಇನ್ನು 2014ರ ನವೆಂಬರ್‌ನಲ್ಲಿ ಕೊಸಾಟು ತನ್ನ ಅತಿ ದೊಡ್ಡ ಸಂಘವಾಗಿದ್ದ, ಲೋಹ ಕಾರ್ಮಿಕರ ನುಮ್ಸಾವನ್ನು ಹೊರಗೆ ಹಾಕಿತು. ಎಎನ್‌ಸಿಗೆ ಮತ ಕೇಳುವುದಿಲ್ಲ ಎಂದು ನುಮ್ಸಾ ಹೇಳಿತ್ತು. ಮುಂದಿನ ವರ್ಷ ಕೊಸಾಟುವಿನ ಪ್ರಧಾನ ಕಾರ್ಯದರ್ಶಿ ಜ್ವೆಲಿನ್ಜಿಮಾ ವಾವಿ ಅವರನ್ನೂ ಹೊರಗೆ ಹಾಕಿದರು. ಪಕ್ಷದ ಒಳಜಗಳ ಕಾರ್ಮಿಕರ ಮನೆಯನ್ನೇ ಒಡೆಯಿತು.

ಒಂದೇ ಮನೆಗೆ ಇಬ್ಬರು ಯಜಮಾನರು

ಈಗ ಮುಖ್ಯ ಘಟ್ಟಕ್ಕೆ ಬರೋಣ. 2017ರ ಡಿಸೆಂಬರ್‌ನಿಂದ 2018ರ ಫೆಬ್ರುವರಿವರೆಗಿನ ಎರಡು ತಿಂಗಳು.

ಅಷ್ಟು ಹೊತ್ತಿಗೆ ಕೊಸಾಟು ಜುಮಾ ಕೈ ಬಿಟ್ಟಾಗಿತ್ತು. 2017ರ ಮಾರ್ಚ್ 31ರಂದು ಜುಮಾ ಹಣಕಾಸು ಸಚಿವ ಪ್ರವೀಣ್ ಗೋರ್ಧನ್ ಅವರನ್ನು ತೆಗೆದುಹಾಕಿದರು. ಮೂರೇ ದಿನದಲ್ಲಿ ದೇಶದ ಸಾಲದ ರೇಟಿಂಗ್, ಹೂಡಿಕೆಗೆ ಯೋಗ್ಯವಲ್ಲ ಎನ್ನುವ "ಕಸ"ದ ದರ್ಜೆಗೆ ಇಳಿಯಿತು. ಜುಮಾಗೆ ಆಪ್ತರಾಗಿದ್ದ ಉದ್ಯಮಿ ಗುಪ್ತಾ ಕುಟುಂಬದ ಕೈಗೆ ಸರ್ಕಾರಿ ಕಂಪನಿಗಳು ಹೋಗುತ್ತಿವೆ ಎಂಬ ಆರೋಪ ಎಲ್ಲೆಡೆ ಇತ್ತು. ಏಪ್ರಿಲ್‌ನಲ್ಲಿ ಕೊಸಾಟು "ಜುಮಾ ಕೆಳಗಿಳಿಯಬೇಕು" ಎಂದು ಬಹಿರಂಗವಾಗಿ ಹೇಳಿತು. ಸೆಪ್ಟೆಂಬರ್ 27ರಂದು ಭ್ರಷ್ಟಾಚಾರದ ವಿರುದ್ಧ ದೇಶದಾದ್ಯಂತ ಮುಷ್ಕರ ಮಾಡಿತು. ಮುಂದಿನ ನಾಯಕ ಯಾರಾಗಬೇಕು ಎಂಬುದನ್ನೂ ಅಡಗಿಸಿಡಲಿಲ್ಲ. ಹಳೆಯ ಗಣಿ ಸಂಘದ ಮುಂದಾಳು ರಾಮಫೋಸಾ.

ಡಿಸೆಂಬರ್ 18ರಂದು ಜೊಹಾನ್ಸ್‌ಬರ್ಗ್‌ನ ನ್ಯಾಸ್ರೆಕ್ ಸಭಾಂಗಣದಲ್ಲಿ ಫಲಿತಾಂಶ ಬಂತು. ರಾಮಫೋಸಾಗೆ 2,440 ಮತ, ಜುಮಾ ಅವರ ಮಾಜಿ ಪತ್ನಿ, ಅವರ ಬೆಂಬಲ ಇದ್ದ ಎನ್‌ಕೊಸಾಜಾನಾ ಡ್ಲಾಮಿನಿ ಜುಮಾಗೆ 2,261 ಮತ. ಅಂತರ ಬರೀ 179. ಪಕ್ಷಕ್ಕೆ ಹೊಸ ನಾಯಕ ಸಿಕ್ಕರು. ಆದರೆ ದೇಶದ ಅಧ್ಯಕ್ಷರಾಗಿ ಜುಮಾ ಅವಧಿ 2019ರವರೆಗೆ ಇತ್ತು. ಒಂದೇ ಮನೆಗೆ ಇಬ್ಬರು ಯಜಮಾನರು. ಯಾರ ಮಾತು ಕೇಳಬೇಕು ಎಂದು ಮನೆಯವರಿಗೆ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಪೆಟ್ಟು ಬೀಳುವುದು ಫೈಲುಗಳಿಗೆ. ನಾಳೆ ತಾನೇ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದ ಸಚಿವರು ಸಹಿ ಹಾಕುವುದಿಲ್ಲ. ಅಧಿಕಾರಿ ಹೊಸಬರು ಬರಲಿ ಎಂದು ಕಾಯುತ್ತಾರೆ. ಸಂಬಳದ ಮಾತುಕತೆಯಲ್ಲಿ ಸರ್ಕಾರದ ಕಡೆ ಕೂತವರಿಗೆ "ಇಷ್ಟು ಕೊಡುತ್ತೇವೆ" ಎನ್ನುವ ಅಧಿಕಾರವೇ ಇರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲ ಶಾಂತವಾಗಿಯೇ ಕಾಣುತ್ತದೆ. ಬೀದಿಯಲ್ಲಿ ಗಲಾಟೆ ಇರುವುದಿಲ್ಲ. ಆದರೆ ಒಳಗೆ ಎಲ್ಲವೂ ನಿಂತಿರುತ್ತದೆ.

ಅದಕ್ಕೆ ಒಂದು ಉದಾಹರಣೆ ವಿದ್ಯುತ್ ಕಂಪನಿ ಎಸ್ಕಮ್. ದೇಶಕ್ಕೆಲ್ಲ ಕರೆಂಟು ಕೊಡುವ ಸರ್ಕಾರಿ ಕಂಪನಿ ಅದು. 2018ರ ಜನವರಿಯಲ್ಲಿ ಅದರ ಆಡಳಿತ ಮಂಡಳಿಯನ್ನೇ ಬದಲಾಯಿಸಬೇಕಾಯಿತು. ಸಾಲ ಕೊಡುವವರು ಹಿಂದೆ ಸರಿದಿದ್ದರು. ಕೈಯಲ್ಲಿ ಕಾಸಿರಲಿಲ್ಲ. ಫೆಬ್ರುವರಿಯಲ್ಲಿ ಅದನ್ನು ಉಳಿಸಿದ್ದು ಪಿಐಸಿ ಕೊಟ್ಟ 500 ಕೋಟಿ ರಾಂಡ್‌ಗಳ ಅಲ್ಪಾವಧಿ ಸಾಲ. ಪಿಐಸಿ ಅಂದರೆ ಸರ್ಕಾರಿ ನೌಕರರ ಪಿಂಚಣಿ ಹಣವನ್ನು ನೋಡಿಕೊಳ್ಳುವ ಸಂಸ್ಥೆ. ಆಗ ಅದರ ಕೈಯಲ್ಲಿ ಸುಮಾರು 2 ಲಕ್ಷ ಕೋಟಿ ರಾಂಡ್ ಇತ್ತು, ಅದರಲ್ಲಿ ಬಹುಪಾಲು ನರ್ಸ್, ಮೇಷ್ಟ್ರು, ಪೊಲೀಸರು ಸಂಬಳದಿಂದ ಕಟ್ಟಿದ್ದು. ಅವರ ಪಿಂಚಣಿ ಎಷ್ಟು ಎಂಬುದು ನಿಯಮದಲ್ಲೇ ನಿಗದಿಯಾಗಿದೆ, ನಿಜ. ಆದರೂ ನಿಧಿ ಸೋರಿದರೆ ಯಾರಾದರೂ ತುಂಬಲೇಬೇಕು.

ಸ್ವಲ್ಪ ಹತ್ತಿರದಿಂದ ನೋಡಿ. ಮೇಲೆ ಇಬ್ಬರು ನಾಯಕರ ನಡುವೆ ಯಾರು ಇಳಿಯಬೇಕು ಎಂಬ ಚರ್ಚೆ. ಕೆಳಗೆ ನರ್ಸಮ್ಮನ ಪಿಂಚಣಿ ಹಣ ಎಸ್ಕಮ್ ಕೆಲಸಗಾರನ ಸಂಬಳಕ್ಕೆ ಹೋಗುತ್ತಿದೆ. ಇಬ್ಬರೂ ಕಾರ್ಮಿಕ ಸಂಘಗಳ ಸದಸ್ಯರಾಗಿರಬಹುದು. ಬೇಗ ತೀರ್ಮಾನ ಆಗಲಿ ಎಂದು ಕೊಸಾಟು ಸುಮ್ನೆ ಕೂಗಲಿಲ್ಲ. ಪ್ರತಿ ದಿನದ ತಡಕ್ಕೂ ಅದರ ಸದಸ್ಯರ ಜೇಬೇ ಗುರಿಯಾಗಿತ್ತು.

ಫೆಬ್ರುವರಿ 8ಕ್ಕೆ ಅಧ್ಯಕ್ಷರ ವಾರ್ಷಿಕ ಭಾಷಣ ಇತ್ತು. ಎರಡು ದಿನ ಮೊದಲು ಅದನ್ನು ಮುಂದಕ್ಕೆ ಹಾಕಿದರು. 13ರಂದು ಪಕ್ಷ ಜುಮಾ ಅವರಿಗೆ ಇಳಿಯಲು ಹೇಳಿತು. 14ರ ರಾತ್ರಿ ಅವರು ಟೀವಿಯಲ್ಲಿ ಬಂದು ರಾಜೀನಾಮೆ ಕೊಟ್ಟರು. 15ಕ್ಕೆ ರಾಮಫೋಸಾ ಪ್ರಮಾಣವಚನ, 16ಕ್ಕೆ ಅವರ ಭಾಷಣ. ಒಂದು ಗುಂಡು ಹಾರಲಿಲ್ಲ, ಒಂದು ಬಸ್ಸು ಸುಡಲಿಲ್ಲ. ರಾಂಡ್ ಏರಿತು. ಎಲ್ಲರೂ ಉಸಿರು ಬಿಟ್ಟರು.

ಒಂದು ವಾರಕ್ಕೆ, ಅಂದರೆ ಫೆಬ್ರುವರಿ 21ರಂದು, ಬಜೆಟ್ ಬಂತು. ವ್ಯಾಟ್ ತೆರಿಗೆ ಶೇಕಡ 14ರಿಂದ 15ಕ್ಕೆ ಏರಿತು. 25 ವರ್ಷಗಳಲ್ಲಿ ಮೊದಲ ಸಲ. ಜುಮಾ ಕಾಲದಲ್ಲಿ ಬಿದ್ದ ತೂತನ್ನು ಮುಚ್ಚಲು ಬಡವರೂ ಕಟ್ಟುವ ತೆರಿಗೆ ಏರಿಸಿದ್ದು ಕೊಸಾಟುವಿಗೆ ಸಹಿಸಲಾಗದ ಮಾತಾಯಿತು. ನೆಮ್ಮದಿಯ ಬದಲಾವಣೆಗೆ ಯಾರು ಬಿಲ್ ಕಟ್ಟುತ್ತಾರೆ ಎಂದು ಆ ವಾರವೇ ಗೊತ್ತಾಯಿತು.

ಇಪ್ಪತ್ತು ರಾಂಡ್

ಈ ಬದಲಾವಣೆಯ ನಡುವೆ ಸಿಕ್ಕಿಹಾಕಿಕೊಂಡ ಇನ್ನೊಂದು ವಿಷಯ ಕನಿಷ್ಠ ವೇತನ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಮನಸ್ಸಿಗೆ ತಟ್ಟುವ ಭಾಗ ಇದು.

2017ರ ಫೆಬ್ರುವರಿಯಲ್ಲಿ, ರಾಮಫೋಸಾ ಇನ್ನೂ ಉಪಾಧ್ಯಕ್ಷರಾಗಿದ್ದಾಗ, ನೆಡ್‌ಲ್ಯಾಕ್ ಮೇಜಿನಲ್ಲಿ ಒಪ್ಪಂದ ಆಯಿತು. ಇಡೀ ದೇಶಕ್ಕೆ ಗಂಟೆಗೆ 20 ರಾಂಡ್ ಕನಿಷ್ಠ ವೇತನ. ಅದರ ಜೊತೆಗೇ ಇನ್ನೊಂದು ಕಾಗದ ಇತ್ತು. ಮುಷ್ಕರಕ್ಕೆ ಮುಂಚೆ ಗುಪ್ತ ಮತದಾನ ಆಗಬೇಕು, ಬಹಳ ದಿನ ಎಳೆಯುವ ಮುಷ್ಕರದಲ್ಲಿ ಮಧ್ಯಸ್ಥಿಕೆ ಇರಬೇಕು ಎಂಬುದು ಅದರ ಸಾರ. ಅದಕ್ಕೆ ಇಟ್ಟ ಹೆಸರೇ "ಕಾರ್ಮಿಕ ಕ್ಷೇತ್ರದ ಸ್ಥಿರತೆ". ಉದ್ಯಮಿಗಳು ಕೇಳಿದ ಸ್ಥಿರತೆಯನ್ನು ಕಾರ್ಮಿಕರು ಕೊಟ್ಟರು, ಬದಲಿಗೆ ತಮಗೆ ಬೇಕಾದ ಸ್ಥಿರತೆ ಪಡೆದರು. ಒಂದು ಪದಕ್ಕೆ ಎರಡು ಅರ್ಥ ಇದೆ ಎಂದು ಮೊದಲೇ ಹೇಳಿದೆನಲ್ಲ, ಇಲ್ಲಿ ಅವೆರಡೂ ಅಕ್ಕಪಕ್ಕದ ಕಾಗದಗಳಲ್ಲಿ ಕೂತಿವೆ.

2018ರ ಮೇ 1ಕ್ಕೆ ಕನಿಷ್ಠ ವೇತನ ಜಾರಿ ಆಗಬೇಕಿತ್ತು. ಆಗಲಿಲ್ಲ. ಮಸೂದೆ ಸಂಸತ್ತಿನಲ್ಲಿ ನಿಧಾನವಾಯಿತು. ಕೊನೆಗೆ ಜಾರಿ ಆದದ್ದು 2019ರ ಜನವರಿ 1ಕ್ಕೆ. ಎಂಟು ತಿಂಗಳ ತಡ. ದೊಡ್ಡವರಿಗೆ ಎಂಟು ತಿಂಗಳು ಏನೂ ಅಲ್ಲ. ಗಂಟೆಗೆ 12 ರಾಂಡ್ ದುಡಿಯುವವರಿಗೆ ಪ್ರತಿ ಗಂಟೆಗೂ 8 ರಾಂಡ್ ಕೈ ತಪ್ಪಿದ ಹಾಗೆ.

ಸಾಫ್ಟು ಎಂಬ ಹೊಸ ಒಕ್ಕೂಟ ಆ ಹೊತ್ತಿಗೆ ಹುಟ್ಟಿತ್ತು. ಕೊಸಾಟುವಿನಿಂದ ಹೊರಬಿದ್ದ ವಾವಿ, ನುಮ್ಸಾ ಎಲ್ಲ ಸೇರಿ 2017ರಲ್ಲಿ ಕಟ್ಟಿದ್ದು. 2018ರ ಏಪ್ರಿಲ್ 25ರಂದು ಅವರು ಬೀದಿಗಿಳಿದರು. 20 ರಾಂಡ್ ಅಂದರೆ ಹಸಿವಿನ ಕೂಲಿ, ಗುಪ್ತ ಮತದಾನದ ನಿಯಮ ಅಂದರೆ ಮುಷ್ಕರದ ಹಕ್ಕಿಗೆ ಬೇಲಿ ಎಂದು ಅವರ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಮಾರಿಕಾನಾದಲ್ಲಿ ಜನ ಸತ್ತದ್ದು 12,500 ರಾಂಡ್ ಕೇಳಿ. ಗಂಟೆಗೆ 20 ಅಂದರೆ ವಾರಕ್ಕೆ 40 ಗಂಟೆ ದುಡಿದರೂ ತಿಂಗಳಿಗೆ ಸುಮಾರು 3,500 ರಾಂಡ್ ಅಷ್ಟೇ. ಮನೆಗೆಲಸದವರಿಗೆ ಅದೂ ಇಲ್ಲ, ಮೊದಲಿಗೆ ಗಂಟೆಗೆ 15 ರಾಂಡ್. ಹೊಲದ ಕೆಲಸದವರಿಗೆ 18.

ಆದರೂ, ಕಡಿಮೆಯಾದರೂ ಮೊದಲು ಕಾನೂನಿನಲ್ಲಿ ಬರಲಿ, ಆಮೇಲೆ ಏರಿಸಬಹುದು ಎಂಬ ಕೊಸಾಟು ಕಡೆಯ ವಾದವನ್ನೇ ನಾನು ಒಪ್ಪುತ್ತೇನೆ. ಯಾಕೆ ಗೊತ್ತಾ? ಮುಂದೆ ಏನಾಯಿತು ನೋಡಿ. 2021ರಲ್ಲಿ ಹೊಲದ ಕೆಲಸದವರಿಗೂ ಪೂರ್ತಿ ಕನಿಷ್ಠ ವೇತನ ಬಂತು. 2022ರಲ್ಲಿ ಮನೆಗೆಲಸದವರಿಗೂ ಬಂತು, ಗಂಟೆಗೆ 23.19 ರಾಂಡ್. ಅಂದರೆ ಮನೆಗೆಲಸದ ಹೆಂಗಸಿನ ಕನಿಷ್ಠ ಕೂಲಿ ಮೂರು ವರ್ಷದಲ್ಲಿ 15ರಿಂದ 23ಕ್ಕೆ ಏರಿತು. 2025ರ ಮಾರ್ಚ್‌ನಲ್ಲಿ 28.79 ಆಯಿತು. ಈ ನಡುವೆ ಕೋವಿಡ್ ಬಂತು, ಚುನಾವಣೆಗಳು ಬಂದವು, ಎಎನ್‌ಸಿ ಬಹುಮತವೇ ಹೋಯಿತು. ಕೂಲಿ ಮಾತ್ರ ಪ್ರತಿ ವರ್ಷ ಏರುತ್ತಲೇ ಇತ್ತು. ಯಾಕೆಂದರೆ ಅದು ಯಾರದೋ ಭಾಷಣದಲ್ಲಿ ಕೊಟ್ಟ ಮಾತಲ್ಲ, ಕಾನೂನು. ಪ್ರತಿ ವರ್ಷ ಒಂದು ಆಯೋಗ ಕೂತು ಪರಿಶೀಲಿಸಲೇಬೇಕು ಎಂದು ಅದರಲ್ಲೇ ಬರೆದಿದೆ. ಎಲ್ಲ ಮನೆಗಳಲ್ಲೂ ಅಷ್ಟು ಕೊಡುತ್ತಾರೆ ಎಂದಲ್ಲ. ಆದರೆ ಕೊಡದಿದ್ದರೆ ಹೋಗಿ ದೂರು ಕೊಡಲು ಒಂದು ಬಾಗಿಲಾದರೂ ಇದೆ.

ಮೂರನೇ ವರ್ಷದ ಏರಿಕೆ

ಇದರ ಎದುರಿಗೆ ಇನ್ನೊಂದು ಒಪ್ಪಂದವನ್ನು ಇಟ್ಟು ನೋಡಬೇಕು.

2018ರ ಜೂನ್. ರಾಮಫೋಸಾ ಅಧ್ಯಕ್ಷರಾಗಿ ನಾಲ್ಕು ತಿಂಗಳು. ಹೊಸ ಹುರುಪಿನ ದಿನಗಳು. ಸರ್ಕಾರಿ ನೌಕರರ ಸಂಘಗಳು ಮತ್ತು ಸರ್ಕಾರ ಮೂರು ವರ್ಷದ ಸಂಬಳ ಒಪ್ಪಂದಕ್ಕೆ ಸಹಿ ಹಾಕಿದವು. ಪ್ರತಿ ವರ್ಷ ಬೆಲೆಯೇರಿಕೆಗಿಂತ ಸ್ವಲ್ಪ ಜಾಸ್ತಿ ಏರಿಕೆ. ಮೊದಲ ವರ್ಷದ್ದು ಬಂತು. ಎರಡನೇ ವರ್ಷದ್ದೂ ಬಂತು. ಮೂರನೇ ವರ್ಷದ ಏರಿಕೆ 2020ರ ಏಪ್ರಿಲ್‌ನಲ್ಲಿ ಬರಬೇಕಿತ್ತು.

ಅದಕ್ಕೆ ಮುಂಚೆ, ಫೆಬ್ರುವರಿ ಬಜೆಟ್‌ನಲ್ಲಿ ಹಣಕಾಸು ಸಚಿವ ಟಿಟೊ ಎಂಬೊವೆನಿ ಮೂರು ವರ್ಷದಲ್ಲಿ ಸಂಬಳದ ಖರ್ಚಿನಲ್ಲಿ ಸುಮಾರು 16,000 ಕೋಟಿ ರಾಂಡ್ ಕಡಿತ ಮಾಡುತ್ತೇವೆ ಎಂದರು. ಏಪ್ರಿಲ್‌ನಲ್ಲಿ ಏರಿಕೆ ಬರಲಿಲ್ಲ. ಆಗ ಕೋವಿಡ್ ಶುರುವಾಗಿತ್ತು. ಒಪ್ಪಂದದಲ್ಲಿ ಬರೆದ ಏರಿಕೆಗಾಗಿ ಕಾಯುತ್ತಿದ್ದ ನರ್ಸ್‌ಗಳು ಅದೇ ತಿಂಗಳು ಮಾಸ್ಕ್ ಹಾಕಿಕೊಂಡು ಕೋವಿಡ್ ವಾರ್ಡಿನಲ್ಲಿ ನಿಂತಿದ್ದರು.

ಸಂಘಗಳು ಕೋರ್ಟಿಗೆ ಹೋದವು. 2022ರ ಫೆಬ್ರುವರಿ 28ರಂದು ಸಾಂವಿಧಾನಿಕ ನ್ಯಾಯಾಲಯ ತೀರ್ಪು ಕೊಟ್ಟಿತು. ಸರ್ಕಾರ ಆ ಏರಿಕೆ ಕೊಡಬೇಕಿಲ್ಲ. ಕಾರಣ ಸರಳ, ಆದರೆ ಎದೆಗೆ ಚುಚ್ಚುವಂಥದ್ದು. ಸರ್ಕಾರಿ ಸೇವಾ ನಿಯಮದ ಪ್ರಕಾರ ಇಂಥ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಖಜಾನೆಯ ಒಪ್ಪಿಗೆ ಇರಬೇಕು. ಅದು ಇರಲಿಲ್ಲ. ಹಾಗಾಗಿ ಒಪ್ಪಂದವೇ ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಹಿ ಹಾಕಿದ್ದು ಸರ್ಕಾರವೇ. ಎರಡು ವರ್ಷ ಕೊಟ್ಟಿದ್ದೂ ಸರ್ಕಾರವೇ. ನಮ್ಮ ಸಹಿ ನಿಲ್ಲುವುದಿಲ್ಲ ಎಂದು ಕೋರ್ಟಿನಲ್ಲಿ ವಾದಿಸಿದ್ದೂ ಅದೇ ಸರ್ಕಾರ.

ಸರ್ಕಾರದ ಕಷ್ಟ ಏನೂ ಇರಲಿಲ್ಲ ಅನ್ನುವಂತಿಲ್ಲ. ಸಾಲ ಬೆಳೆಯುತ್ತಿತ್ತು, ಎಸ್ಕಮ್‌ಗೆ ದುಡ್ಡು ಸುರಿಯಬೇಕಿತ್ತು, ಕೋವಿಡ್ ಬಂದು ತೆರಿಗೆ ವಸೂಲಿ ಕುಸಿದಿತ್ತು. ಆದರೆ ಖಜಾನೆಯ ಒಪ್ಪಿಗೆ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದು ಸಹಿ ಹಾಕುವ ಸಚಿವರ ಕೆಲಸ. ಎದುರಿಗೆ ಕೂತ ನರ್ಸ್ ಅದನ್ನು ಹೇಗೆ ಪರೀಕ್ಷಿಸಬೇಕು? ಹೊಸ ಅಧ್ಯಕ್ಷರು ನಮ್ಮವರು, ಮಾತು ತಪ್ಪುವುದಿಲ್ಲ ಎಂಬ ನಂಬಿಕೆಯಿಂದಲೋ ಏನೋ, ಸಂಘಗಳು ಖಜಾನೆಯ ಕಾಗದಕ್ಕೆ ಪಟ್ಟು ಹಿಡಿಯಲಿಲ್ಲ. ಕನಿಷ್ಠ ವೇತನಕ್ಕೆ ಕಾನೂನಿನ ಬಲ ಇತ್ತು. ಈ ಒಪ್ಪಂದಕ್ಕೆ ಇದ್ದದ್ದು ಆ ಕಾಲದ ಒಳ್ಳೆಯ ಮನಸ್ಸು ಮಾತ್ರ.

2022ರ ಮೇ 1. ಈ ಸಲ ರಸ್ಟೆನ್‌ಬರ್ಗ್ ನಗರದ ಕ್ರೀಡಾಂಗಣ. ಮಾರಿಕಾನಾ ಅಲ್ಲಿಂದ ಹತ್ತಿರ. ಮತ್ತೆ ಕೊಸಾಟು ಸಭೆ. ವೇದಿಕೆಯಲ್ಲಿ ರಾಮಫೋಸಾ. ಚಿನ್ನದ ಗಣಿಯ ಮುಷ್ಕರದಲ್ಲಿದ್ದ ಕಾರ್ಮಿಕರು ತಿಂಗಳಿಗೆ 1,000 ರಾಂಡ್ ಏರಿಕೆ ಕೇಳುತ್ತಾ ಕೂಗಿದರು. ಅಧ್ಯಕ್ಷರು ಮಾತಾಡಲು ನೋಡಿದರು. ಆಗಲಿಲ್ಲ. ಜನ ವೇದಿಕೆಗೆ ನುಗ್ಗಿದರು. ಗಣಿ ಕಾರ್ಮಿಕರ ಸಂಘ ಕಟ್ಟಿದ ಮನುಷ್ಯ ಗಣಿ ಕಾರ್ಮಿಕರ ಎದುರಿನಿಂದ ಪೊಲೀಸರ ಗುಂಡುನಿರೋಧಕ ವಾಹನದಲ್ಲಿ ಹೋಗಬೇಕಾಯಿತು.

ಅವರ ಸಿಟ್ಟಿಗೆ ಹಳೆಯ ನೋವೂ ಸೇರಿತ್ತು. ಮಾರಿಕಾನಾ ಗೋಲಿಬಾರ್ ಆದಾಗ ಆ ಗಣಿ ಕಂಪನಿ ಲೋನ್‌ಮಿನ್‌ನ ನಿರ್ದೇಶಕರಲ್ಲಿ ರಾಮಫೋಸಾ ಒಬ್ಬರು. ತನಿಖಾ ಆಯೋಗ ಅವರನ್ನು ತಪ್ಪಿತಸ್ಥ ಅನ್ನಲಿಲ್ಲ. ಆದರೆ ಮಾರಿಕಾನಾದ ಗುಡ್ಡದ ಬುಡದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಆಯೋಗದ ವರದಿಯಿಂದ ಮರೆವು ಬರುವುದಿಲ್ಲ.

ಬಹುಮತ ಹೋದ ಮೇಲೆ

2024ರ ಮೇ 29ರ ಚುನಾವಣೆ ಲೆಕ್ಕವನ್ನೇ ಬದಲಾಯಿಸಿತು. ಎಎನ್‌ಸಿಗೆ ಬಂದದ್ದು ಶೇಕಡ 40ರಷ್ಟು ಮತ, 400ರಲ್ಲಿ 159 ಸ್ಥಾನ. ಮೂವತ್ತು ವರ್ಷದಲ್ಲಿ ಮೊದಲ ಸಲ ಬಹುಮತ ಇಲ್ಲ. ಫಲಿತಾಂಶ ಪ್ರಕಟವಾದ 14 ದಿನದೊಳಗೆ ಸಂಸತ್ತು ಸೇರಬೇಕು ಎಂದು ಸಂವಿಧಾನ ಹೇಳುತ್ತದೆ. ಅಷ್ಟರಲ್ಲೇ ಮಾತುಕತೆ ಮುಗಿಸಿ ಜೂನ್ 14ರಂದು ರಾಮಫೋಸಾ ಮತ್ತೆ ಆಯ್ಕೆಯಾದರು. ಬೆಂಬಲ ಕೊಟ್ಟವರಲ್ಲಿ ಮುಖ್ಯವಾದದ್ದು ಅಲ್ಲಿಯವರೆಗೆ ಮುಖ್ಯ ವಿರೋಧ ಪಕ್ಷವಾಗಿದ್ದ ಡಿಎ (ಡೆಮಾಕ್ರಟಿಕ್ ಅಲಯನ್ಸ್). ಕಾರ್ಮಿಕ ಕಾನೂನುಗಳು ಸಡಿಲವಾಗಬೇಕು ಎನ್ನುವ ಪಕ್ಷ ಅದು.

ಈಗ ಸರ್ಕಾರದ ಒಳಗೇ ಎದುರಾಳಿ ಕೂತಿದ್ದಾರೆ. ಕಮ್ಯುನಿಸ್ಟ್ ಪಕ್ಷಕ್ಕೆ ಇದು ಸಹಿಸಲಾಗಲಿಲ್ಲ. ಮುಂದಿನ ಸ್ಥಳೀಯ ಚುನಾವಣೆಗಳಲ್ಲಿ ಬೇರೆಯಾಗಿಯೇ ನಿಲ್ಲುತ್ತೇವೆ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಕೊಸಾಟು ಯಾರ ಪರ ಮತ ಕೇಳಬೇಕು? ನುಮ್ಸಾವನ್ನು ಹೊರಹಾಕುವಾಗ ಕೇಳಬೇಕಿದ್ದ ಪ್ರಶ್ನೆ ಹತ್ತು ವರ್ಷ ಬಿಟ್ಟು ಮನೆ ಬಾಗಿಲಿಗೇ ಬಂದಿದೆ.

ಒಂದು ವಿಷಯ ಮಾತ್ರ ಕುತೂಹಲದ್ದು. 2025ರಲ್ಲಿ ಖಜಾನೆ ಮತ್ತೆ ವ್ಯಾಟ್ ಏರಿಸಲು ಹೊರಟಿತು. ಫೆಬ್ರುವರಿಯ ಬಜೆಟ್ ಮಂಡನೆಯೇ ಮುಂದೆ ಹೋಯಿತು. ಕೊಸಾಟು ವಿರೋಧಿಸಿತು, ಡಿಎ ಕೂಡ ವಿರೋಧಿಸಿತು. ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. 2018ರಲ್ಲಿ ಪೂರ್ತಿ ಬಹುಮತದ "ನಮ್ಮ ಸರ್ಕಾರ" ಇದ್ದಾಗ ತಡೆಯಲಾಗದ ತೆರಿಗೆಯನ್ನು, ಬಹುಮತವಿಲ್ಲದ ಸರ್ಕಾರ ಇದ್ದಾಗ ತಡೆಯಲಾಯಿತು. ನಮ್ಮವರು ಗಟ್ಟಿಯಾಗಿ ಕೂತಿದ್ದರೆ ನಮಗೆ ಒಳ್ಳೆಯದು ಎಂಬ ಹಳೆಯ ನಂಬಿಕೆಯನ್ನು ಕೊಸಾಟು ನಾಯಕರು ಇನ್ನೊಮ್ಮೆ ತೂಗಿ ನೋಡಬೇಕು ಅಂತ ನನಗೆ ಅನ್ನಿಸುತ್ತದೆ.

ಇಷ್ಟೆಲ್ಲದರ ಹೊರಗೆ ಇನ್ನೊಂದು ದೊಡ್ಡ ಗುಂಪಿದೆ. ದುಡಿಯಲು ಸಿದ್ಧರಿರುವ ಪ್ರತಿ ಮೂವರಲ್ಲಿ ಒಬ್ಬರಿಗೆ ಆ ದೇಶದಲ್ಲಿ ಕೆಲಸ ಇಲ್ಲ. ಅವರಿಗೆ ಸಂಘವೂ ಇಲ್ಲ, ಒಪ್ಪಂದವೂ ಇಲ್ಲ, ಮುರಿಯಲು ಸಹಿಯೂ ಇಲ್ಲ. ಈಗ ಇರುವುದು ಹೀಗೇ ಇರಲಿ ಅನ್ನುವ ಸ್ಥಿರತೆ ಅವರಿಗೆ ಶಿಕ್ಷೆಯೇ. ಕೊಸಾಟು ಸದಸ್ಯರಲ್ಲಿ ಸರ್ಕಾರಿ ನೌಕರರೇ ಜಾಸ್ತಿ ಆಗಿರುವಾಗ ಈ ಜನರ ದನಿ ಆ ಮೇಜಿಗೆ ತಲುಪುವುದು ಇನ್ನೂ ಕಷ್ಟ.

ಮುಂದಿನ ಬದಲಾವಣೆ ದೂರ ಇಲ್ಲ. 2027ರ ಡಿಸೆಂಬರ್‌ನಲ್ಲಿ ಎಎನ್‌ಸಿ ಸಮ್ಮೇಳನ ನಡೆಯಬೇಕು. ಪಕ್ಷಕ್ಕೆ ಹೊಸ ನಾಯಕ ಬರುತ್ತಾರೆ. ರಾಮಫೋಸಾ ಅವರ ಅಧ್ಯಕ್ಷ ಅವಧಿ 2029ರವರೆಗೆ ಇದೆ. ಅಂದರೆ ಮತ್ತೆ ಒಂದೇ ಮನೆಗೆ ಇಬ್ಬರು ಯಜಮಾನರು ಆಗುವ ಸಾಧ್ಯತೆ. ಈ ಸಲ ಅವರ ಜೊತೆಗೆ ಸರ್ಕಾರದಲ್ಲಿ ಪಾಲು ಕೇಳುವ ಬೇರೆ ಪಕ್ಷಗಳೂ ಇರುತ್ತವೆ.

2025ರಲ್ಲಿ ಸರ್ಕಾರಿ ನೌಕರರು ಮತ್ತೆ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಮೊದಲ ವರ್ಷ ಶೇಕಡ 5.5, ಮುಂದಿನ ಎರಡು ವರ್ಷ ಬೆಲೆಯೇರಿಕೆಗೆ ತಕ್ಕಂತೆ. ಮೂರನೇ ವರ್ಷದ ಏರಿಕೆ 2027ರ ಏಪ್ರಿಲ್‌ನಲ್ಲಿ ಸಂಬಳಕ್ಕೆ ಸೇರಬೇಕು, ಪಕ್ಷದ ಸಮ್ಮೇಳನಕ್ಕೆ ಎಂಟು ತಿಂಗಳು ಮೊದಲು. 2020ರಲ್ಲಿ ಕೈ ತಪ್ಪಿದ್ದೂ ಮೂರನೇ ವರ್ಷದ ಏರಿಕೆಯೇ. ಈ ಒಪ್ಪಂದ ಮುಗಿಯುವುದು 2028ರ ಮಾರ್ಚ್‌ನಲ್ಲಿ, ಹೊಸ ನಾಯಕ ಬಂದ ಮೂರು ತಿಂಗಳಿಗೆ. ಅದರ ನಂತರದ ಒಪ್ಪಂದಕ್ಕೆ ಮಾತುಕತೆ ಶುರುವಾದಾಗ ಮೇಜಿನ ಆಚೆ ಯಾರು ಕೂತಿರುತ್ತಾರೋ ಗೊತ್ತಿಲ್ಲ. ಈಚೆ ಕೂತವರು ಈ ಸಲ ಮೊದಲು ಕೇಳುವುದು ಖಜಾನೆಯ ಕಾಗದವನ್ನೇ ಆಗಿರಲಿ.